ಪದ ಪರಿಚಯ: ಚೆಕ್ ಇಂಜಿನ್ ಲೈಟ್

ಕಾರಿನ ಕೀ ತಿರುಗಿಸಿದ ಕೂಡಲೇ ಮೀಟರಿನಲ್ಲಿ ಒಂದಷ್ಟು ದೀಪಗಳು ಒಟ್ಟಿಗೆ ಹತ್ತುತ್ತವೆ. ಅದರಲ್ಲಿ ಪುಟ್ಟ ಇಂಜಿನ್ ಆಕಾರದ ಹಳದಿ ದೀಪ ಒಂದಿದೆ. ಗಾಡಿ ಸ್ಟಾರ್ಟ್ ಆದ ಮೇಲೆ ಅದು ಆರಬೇಕು. ಆರದೆ ಉಳಿದರೆ, ಅಥವಾ ಓಡಿಸುವಾಗ ಹತ್ತಿಕೊಂಡರೆ ‘ಚೆಕ್ ಲೈಟ್ ಬಂದಿದೆ’ ಅನ್ನುತ್ತೇವೆ. ಕಂಪನಿ ಕೊಡುವ ಪುಸ್ತಕದಲ್ಲಿ ಇದಕ್ಕೆ ಮಾಲ್‌ಫಂಕ್ಷನ್ ಇಂಡಿಕೇಟರ್ ಲ್ಯಾಂಪ್ ಅಂತ ಹೆಸರು. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ ‘ಇಂಜಿನ್ ಲೈಟ್’.

ಈ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಂಜಿನ್ನಿಗೆ ಏನೇ ಆದರೂ ಈ ದೀಪ ಹೇಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಇದರ ಮುಖ್ಯ ಕೆಲಸ ಸೈಲೆನ್ಸರ್‌ನಿಂದ ಹೊರಗೆ ಹೋಗುವ ಹೊಗೆಯ ಮೇಲೆ ಕಣ್ಣಿಡುವುದು. ಅಮೆರಿಕದ ಲಾಸ್ ಏಂಜಲೀಸ್ ಊರು ಹೊಗೆಮಂಜಿನಲ್ಲಿ ವರ್ಷಗಟ್ಟಲೆ ಉಸಿರುಗಟ್ಟಿತ್ತು. ಹೊಸದರಲ್ಲಿ ಚೊಕ್ಕಟವಾಗಿದ್ದ ಕಾರು ನಾಲ್ಕಾರು ವರ್ಷದಲ್ಲಿ ಹೊಗೆ ಉಗುಳಲು ಶುರು ಮಾಡಿದರೆ ಮಾಲೀಕರಿಗೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾಡೆಲ್‌ನಿಂದ ಕಾರಿನೊಳಗೇ ತನ್ನನ್ನು ತಾನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಎಂದಿತು. ಅದೇ ಓಬಿಡಿ, ಅಂದರೆ ಆನ್-ಬೋರ್ಡ್ ಡಯಾಗ್ನೋಸ್ಟಿಕ್ಸ್. ಅದರ ಎರಡನೇ ರೂಪ, ಓಬಿಡಿ-2, 1996ರ ಮಾಡೆಲ್‌ನಿಂದ ಇಡೀ ಅಮೆರಿಕದ ಕಾರುಗಳಿಗೆ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲೆ ಸ್ಕೂಟರ್, ಬೈಕಿನ ಮೀಟರಿನಲ್ಲೂ ಇದೇ ಹಳದಿ ದೀಪ ಕೂತಿದೆ.

ಹಾಗಾಗಿ ಇಂಜಿನ್ ಸಾಯುತ್ತಿದ್ದರೂ ಚೆಕ್ ಲೈಟ್ ಸುಮ್ಮನಿರಬಹುದು! ಇಂಜಿನ್ ಬಿಸಿ ಜಾಸ್ತಿಯಾದರೆ ಹತ್ತುವುದು ಥರ್ಮಾಮೀಟರ್ ಚಿತ್ರದ ಕೆಂಪು ದೀಪ. ಆಯಿಲ್ ಪ್ರೆಷರ್ ಇಳಿದರೆ ಹತ್ತುವುದು ಗಿಂಡಿಯ ಮೂತಿಯಿಂದ ಹನಿ ತೊಟ್ಟಿಕ್ಕುವಂಥ ಕೆಂಪು ದೀಪ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಗಿಂಡಿ ಆಯಿಲ್ ಎಷ್ಟಿದೆ ಅಂತ ಹೇಳುತ್ತಿಲ್ಲ, ಇಂಜಿನ್ನಿನ ಒಳಗೆ ಆಯಿಲ್ ಒತ್ತಡದಲ್ಲಿ ಹರಿಯುತ್ತಿಲ್ಲ ಅಂತ ಹೇಳುತ್ತಿದೆ. ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನುವಷ್ಟರಲ್ಲಿ ಇಂಜಿನ್ ಜಾಮ್ ಆಗಬಹುದು. ಗಾಡಿ ಬದಿಗೆ ಹಾಕಿ, ಇಂಜಿನ್ ಆಫ್ ಮಾಡಬೇಕು, ಅಷ್ಟೇ. ಕೆಂಪು ಅಂದರೆ ನಿಲ್ಲಿ, ಹಳದಿ ಅಂದರೆ ಬೇಗ ನೋಡಿ, ಹಸಿರು ಮತ್ತು ನೀಲಿ ಅಂದರೆ ಸುಮ್ನೆ ಮಾಹಿತಿ. ಬಣ್ಣದ ಈ ಲೆಕ್ಕ ಹೆಚ್ಚುಕಡಿಮೆ ಎಲ್ಲ ಗಾಡಿಗೂ ಒಂದೇ.

ಆದರೆ ಚೆಕ್ ಲೈಟ್ ಹಳದಿಯಾದರೂ ಅದಕ್ಕೆ ಎರಡು ದನಿ ಇದೆ. ಸ್ಥಿರವಾಗಿ ಹತ್ತಿದ್ದರೆ ನಿಧಾನಕ್ಕೆ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿಣುಕಲು ಶುರು ಮಾಡಿದರೆ ಕಥೆಯೇ ಬೇರೆ. ಈ ವ್ಯತ್ಯಾಸ ನನಗೆ ತಿಳಿದದ್ದು ಶಿರಾಡಿ ಘಾಟಿಯಲ್ಲಿ.

ಅದಕ್ಕೆ ಎಂಟು ದಿನ ಮುಂಚೆ ಹಾಸನದಲ್ಲಿ ನಮ್ಮ ಕಾರಿನ ಚೆಕ್ ಲೈಟ್ ಬಂದಿತ್ತು. ಒಂದು ಗ್ಯಾರೇಜಿಗೆ ಒಯ್ದೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದರು, ಏನೋ ಒತ್ತಿದರು, ದೀಪ ಆರಿತು. ‘ಎರರ್ ಕ್ಲಿಯರ್ ಮಾಡಿದೀನಿ ಸಾರ್, ಏನೂ ಇಲ್ಲ’ ಅಂದರು. ಎರಡು ನಿಮಿಷದ ಕೆಲಸ. ನಾನೂ ಖುಷಿಯಾಗಿ ಬಂದೆ. ಆಮೇಲೆ ಮಂಗಳೂರಿಂದ ವಾಪಸ್ ಬರುವಾಗ, ಘಾಟಿ ಇನ್ನೇನು ಮುಗಿಯಿತು ಅನ್ನುವ ಕಡೆ, ಮಾರನಹಳ್ಳಿ ಹತ್ತಿರ, ಜೋರು ಮಳೆಯಲ್ಲಿ ಗಾಡಿ ಮಿಸ್ ಹೊಡೆಯತೊಡಗಿತು. ಪಿಕಪ್ ಇಲ್ಲ. ಸ್ಟೇರಿಂಗ್ ನಡುಗುತ್ತಿದೆ. ಮೀಟರಿನಲ್ಲಿ ಹಳದಿ ಇಂಜಿನ್ ಮಿಣಮಿಣ ಅನ್ನುತ್ತಿದೆ.

ಮಿಣುಕುವುದು ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ, ಅದು ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುವಷ್ಟು ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಹಾಗೇ ಹೊಗೆಯ ಪೈಪಿಗೆ ಇಳಿಯುತ್ತದೆ. ಅಲ್ಲಿ ಕನ್ವರ್ಟರ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಗೂಡಿದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ವಿಷದ ಹೊಗೆಯನ್ನು ಹಗುರ ಮಾಡುವುದು ಅದೇ. ಪೆಟ್ರೋಲ್ ಅಲ್ಲಿ ಹೋಗಿ ಹತ್ತಿಕೊಂಡರೆ ಗೂಡೇ ಕರಗುತ್ತದೆ. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ, ಅದರ ಎಷ್ಟೋ ಪಟ್ಟು ಬೆಲೆಯ ಕನ್ವರ್ಟರ್‌ಗೆ ಹೋಗಿ ನಿಲ್ಲುತ್ತದೆ. ನಾನು ಗಾಡಿ ನಿಲ್ಲಿಸಿದೆ.

ಸಕಲೇಶಪುರದಿಂದ ಒಬ್ಬ ವಯಸ್ಸಾದ ಮೆಕ್ಯಾನಿಕ್ ರೇನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಬಂದರು. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಹಾಕಿದರು. ಪಿ0303 ಅಂತ ತೊಂದರೆಯ ಕೋಡ್ ಬಂತು. ‘ಹೋದ ವಾರದ್ದು ಏನಾದ್ರೂ ಐತಾ?’ ಅಂತ ಕೇಳಿದೆ. ‘ಎಲ್ಲಾ ಅಳಿಸ್ಬಿಟ್ಟವ್ರೆ ಸಾರ್. ಇದ್ದಿದ್ರೆ ಆವತ್ತೇ ಗೊತ್ತಾಗೋದು.’

ಪಿ0303 ಅನ್ನುವುದನ್ನು ಬಿಡಿಸಿ ಓದಬಹುದು. ಪಿ ಅಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯ ತೊಂದರೆ. ಸಿ ಇದ್ದರೆ ಬ್ರೇಕು, ಸ್ಟೇರಿಂಗ್ ಕಡೆ. ಬಿ ಇದ್ದರೆ ಬಾಡಿ, ಯು ಇದ್ದರೆ ಒಳಗಿನ ಕಂಪ್ಯೂಟರ್‌ಗಳ ನಡುವಿನ ಮಾತುಕತೆ. ಮುಂದಿನ ಸೊನ್ನೆ ಅಂದರೆ ಇದು ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್, ಒಂದು ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್. ಆಮೇಲಿನ 3 ಇಗ್ನಿಷನ್, ಮಿಸ್‌ಫೈರ್ ಗುಂಪು. ಕೊನೆಯ 03 ಮೂರನೇ ಸಿಲಿಂಡರ್.

ಇಲ್ಲೇ ಬಹಳ ಜನ ಎಡವುತ್ತಾರೆ. ಕೋಡ್ ಯಾವ ಪಾರ್ಟ್ ಹೋಗಿದೆ ಅಂತ ಹೇಳುವುದಿಲ್ಲ. ಎಲ್ಲಿ ನೋಡಬೇಕು ಅಂತ ಮಾತ್ರ ಹೇಳುತ್ತದೆ. ಮೂರನೇ ಸಿಲಿಂಡರ್ ಮಿಸ್ ಹೊಡೆಯಲು ಕಾಯಿಲ್ ಕಾರಣ ಇರಬಹುದು, ಸ್ಪಾರ್ಕ್ ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ವೈರ್ ಇರಬಹುದು. ಆ ಮೆಕ್ಯಾನಿಕ್ ಏನು ಮಾಡಿದರು ಗೊತ್ತಾ? ಮೂರನೇ ಸಿಲಿಂಡರ್ ಕಾಯಿಲ್ ಬಿಚ್ಚಿ ಒಂದನೆಯದಕ್ಕೆ ಹಾಕಿದರು, ಒಂದನೆಯದ್ದು ಮೂರಕ್ಕೆ. ನನ್ನ ಕೊಡೆ ಹಿಡಿದುಕೊಂಡೇ ಎರಡು ಬೋಲ್ಟ್, ಎರಡು ಕನೆಕ್ಟರ್. ಆಮೇಲೆ ಕೋಡ್ ಅಳಿಸಿ ಗಾಡಿ ಸ್ಟಾರ್ಟ್ ಮಾಡಿಸಿದರು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಮಿಣುಕಿತು. ಈ ಸಲ ಪಿ0301. ‘ನೋಡಿ ಸಾರ್, ಕಾಯಿಲೆ ಕಾಯಿಲ್ ಹಿಂದೇನೇ ಹೋಯ್ತು’ ಅಂದರು. ಹೊಸ ಕಾಯಿಲ್ ತರಲು ಒಂದು ಗಂಟೆ, ಹಾಕಲು ಐದು ನಿಮಿಷ.

‘ರೀಸೆಟ್’ ಅನ್ನುವ ಪದ ನಾನು ಸರಿಯಾಗಿ ಕಲಿತದ್ದು ಅವತ್ತೇ. ಇಬ್ಬರೂ ಒತ್ತಿದ್ದು ಒಂದೇ ಬಟನ್. ಒಬ್ಬರು ದೀಪ ಆರಲಿ ಅಂತ ಒತ್ತಿದರು, ಇನ್ನೊಬ್ಬರು ತಮ್ಮ ಊಹೆ ಸರಿಯೋ ತಪ್ಪೋ ನೋಡಲು ಒತ್ತಿದರು. ಕೋಡ್ ಅಳಿಸಿದಾಗ ಅದರ ಜೊತೆಗೆ ಫ್ರೀಜ್ ಫ್ರೇಮ್ ಅನ್ನುವುದೂ ಹೋಗುತ್ತದೆ. ತೊಂದರೆ ಬಂದ ಕ್ಷಣದಲ್ಲಿ ಗಾಡಿಯ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದರ ಫೋಟೋ ಇದ್ದ ಹಾಗೆ ಅದು. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದಿಲ್ಲ. ಓದದೆ, ಬರೆದುಕೊಳ್ಳದೆ ಅಳಿಸಬೇಡಿ, ಅಳಿಸಲು ಬಿಡಲೂ ಬೇಡಿ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸುವ ಹಳೇ ಉಪಾಯ ಇನ್ನೂ ಚಾಲ್ತಿಯಲ್ಲಿದೆ. ಅದೂ ಒಳ್ಳೆಯದಲ್ಲ. ಇಂಜಿನ್ ಕಂಪ್ಯೂಟರ್ ನಿಮ್ಮ ಗಾಡಿಗೆ ಹೊಂದುವ ಹಾಗೆ ಪೆಟ್ರೋಲ್ ಲೆಕ್ಕವನ್ನು ಕಲಿತುಕೊಂಡಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದೂ ಅಳಿದುಹೋಗಿ, ಕೆಲವು ದಿನ ಐಡ್ಲಿಂಗ್ ಸರಿ ಇರುವುದಿಲ್ಲ.

ನಿಜಕ್ಕೂ ಸರಿಪಡಿಸಿದ್ದರೆ ದೀಪ ಆರಿಸಲು ಯಾರೂ ಬೇಕಿಲ್ಲ. ಸಾಮಾನ್ಯವಾಗಿ ಸತತ ಮೂರು ಓಡಾಟದಲ್ಲಿ ಕಂಪ್ಯೂಟರ್ ಮತ್ತೆ ಪರೀಕ್ಷೆ ಮಾಡಿ, ತೊಂದರೆ ಕಾಣದಿದ್ದರೆ ತಾನೇ ಆರಿಸುತ್ತದೆ. ಕೋಡ್ ಮಾತ್ರ ಒಳಗೆ ಉಳಿದಿರುತ್ತದೆ. ಇಂಜಿನ್ 40 ಸಲ ತಣ್ಣಗಾಗಿ ಬಿಸಿಯಾಗುವವರೆಗೂ ಮತ್ತೆ ತೊಂದರೆ ಬರದಿದ್ದರೆ ಆಗ ಅಳಿಯುತ್ತದೆ. ಹತ್ತುವಾಗಲೂ ಅಷ್ಟೇ, ಬಹಳಷ್ಟು ತೊಂದರೆಗಳನ್ನು ಎರಡು ಓಡಾಟದಲ್ಲಿ ಕಂಡ ಮೇಲೇ ದೀಪ ಹತ್ತಿಸುತ್ತದೆ. ಮಿಣುಕುವ ಮಿಸ್‌ಫೈರ್‌ಗೆ ಮಾತ್ರ ಕಾಯುವುದಿಲ್ಲ.

ಸುಮ್ಮನೆ ರೀಸೆಟ್ ಮಾಡಬಹುದಾದ ದೀಪಗಳೂ ಇವೆ. ಸ್ಪ್ಯಾನರ್ ಚಿತ್ರದ ಸರ್ವಿಸ್ ದೀಪ ಬಹಳಷ್ಟು ಗಾಡಿಗಳಲ್ಲಿ ಬರೀ ಕಿಲೋಮೀಟರ್, ದಿನ ಎಣಿಸುತ್ತದೆ. ಆಯಿಲ್ ಬದಲಿಸಿದ ಮೇಲೆ ಪುಸ್ತಕದಲ್ಲಿ ಹೇಳಿದ ಹಾಗೆ ಬಟನ್ ಒತ್ತಿ ಸೊನ್ನೆಗೆ ತಂದರೆ ಆಯಿತು. ಟೈರಿನ ದೀಪಕ್ಕೆ ಮೊದಲು ಗಾಳಿ ಹಿಡಿಸಿ, ಆಮೇಲೆ ರೀಸೆಟ್. ಬೆಂಗಳೂರಿನ ಟ್ರಾಫಿಕ್‌ನಲ್ಲೇ ಓಡುವ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ದೀಪ ಬರುವುದುಂಟು. ಮಸಿ ಹಿಡಿಯುವ ಜರಡಿ ತುಂಬಿದೆ ಅಂತ ಅರ್ಥ. ಅದಕ್ಕೆ ಬಟನ್ ಬೇಡ, ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಜರಡಿ ಬಿಸಿಯೇರಿ ಮಸಿ ಸುಟ್ಟುಹೋಗುತ್ತದೆ. ಕಡೆಗಣಿಸಿದರೆ ಅದರ ಪಕ್ಕದಲ್ಲೇ ಚೆಕ್ ಲೈಟೂ ಹತ್ತುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ ಇದ್ದರೂ ಈ ದೀಪ ಬರಬಹುದು, ಪೆಟ್ರೋಲ್ ಆವಿ ಸೋರಿ ಗಾಳಿಗೆ ಸೇರುತ್ತದೆ ಅಂತ. ಮೊದಲು ಅದನ್ನು ಟಿಕ್ ಅನ್ನುವವರೆಗೆ ತಿರುಗಿಸಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಚೆಕ್ ಅನ್ನುವ ಹೊಗೆ ಪರೀಕ್ಷೆಗೆ ಹೋಗುವ ಹಿಂದಿನ ದಿನ ಕೋಡ್ ಅಳಿಸಿಕೊಂಡು ಹೋದರೆ ಪಾಸ್ ಆಗುವುದು ಕಷ್ಟ. ಕೋಡ್ ಅಳಿಸಿದ ಮೇಲೆ ಕಾರು ಮತ್ತೆ ಮಾಡಿಕೊಳ್ಳಬೇಕಾದ ಸ್ವಯಂ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅನ್ನುವುದು ಅವರ ಯಂತ್ರಕ್ಕೆ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರೂ ಇದನ್ನು ನೋಡಬೇಕು. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಹಳದಿ ಇಂಜಿನ್ ಹತ್ತಲೇಬೇಕು. ಹತ್ತದೇ ಇದ್ದರೆ ಯಾರೋ ಬಲ್ಬ್ ಕಿತ್ತಿರಬಹುದು, ಟೇಪ್ ಅಂಟಿಸಿರಬಹುದು. ಹತ್ತಿದರೆ ಸ್ಕ್ಯಾನರ್ ಹಾಕಿಸಿ, ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅಂತ ಕೇಳಿ. ಒಂದೂ ಮುಗಿದಿಲ್ಲ ಅಂದರೆ ನಿನ್ನೆ ಮೊನ್ನೆ ಕೋಡ್ ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಅಂತ ಲೆಕ್ಕ. ಯಾಕೆ ಅಂತ ಮಾರುವವರನ್ನೇ ಕೇಳಿ.

ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಈಗ ಒಂದು ಚಿಕ್ಕ ನೋಟ್‌ಬುಕ್ ಇದೆ. ಮೊದಲ ಪುಟದ ಅಕ್ಷರ ಆ ಮೆಕ್ಯಾನಿಕ್‌ರದ್ದು, ಮಳೆ ಹನಿ ಬಿದ್ದು ಅಲ್ಲಲ್ಲಿ ಶಾಯಿ ಹರಡಿದೆ: ‘ಪಿ0303. ಕಾಯಿಲ್ ಅದಲು ಬದಲು, ಪಿ0301. ಹೊಸ ಕಾಯಿಲ್ ಹಾಕಿದೆ. ಮಾರನಹಳ್ಳಿ.’