ಅಂಟಾರ್ಕ್ಟಿಕಾದ ಒಣ ಮಣ್ಣಲ್ಲಿ ಯಾರು ಬದುಕ್ತಾರೆ?

ಅಂಟಾರ್ಕ್ಟಿಕಾ ಅಂದ್ರೆ ಬರೀ ಹಿಮ ಅಂತಾನೇ ನಮ್ಮ ತಲೇಲಿ ಕೂತಿರುತ್ತೆ, ಆದ್ರೆ ಮೆಕ್‌ಮರ್ಡೊ ಡ್ರೈ ವ್ಯಾಲೀಸ್ ಅಂತ ಒಂದು ಜಾಗ ಇದೆ, ಸುಮಾರು 4,500 ಚದರ ಕಿಲೋಮೀಟರ್ ಕಲ್ಲು, ಮಣ್ಣು, ಗಾಳಿ ಅಷ್ಟೇ. ಮಳೆ ಅಂತೂ ಇಲ್ಲವೇ ಇಲ್ಲ, ಬೀಳೋ ಚೂರುಪಾರು ಹಿಮಾನೂ ಕರಗೋ ಮೊದಲೇ ಗಾಳಿಗೆ ಆವಿಯಾಗಿ ಹೋಗುತ್ತೆ. 1903ರಲ್ಲಿ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ತಂಡ ಇಲ್ಲಿಗೆ ಬಂದಾಗ ಒಂದು ಪಾಚಿ ಕೂಡ ಕಣ್ಣಿಗೆ ಬೀಳಲಿಲ್ಲ.

ಆದ್ರೆ ಆ ಮಣ್ಣನ್ನ ಒಂದು ಚಮಚ ತಗೊಂಡು ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಹುಳ ಸಿಗಬಹುದು. ಸ್ಕಾಟ್‌ನೀಮಾ ಲಿಂಡ್ಸೇಯೇ ಅಂತ ಹೆಸರು, ಒಂದು ಮಿಲಿಮೀಟರೂ ಉದ್ದ ಇಲ್ಲ, ಬ್ಯಾಕ್ಟೀರಿಯಾ ತಿಂದ್ಕೊಂಡು ಇರುತ್ತೆ. ನೀರು ಹೋಯ್ತು ಅಂದ್ರೆ ಚಕ್ಕುಲಿ ಥರ ಸುರುಳಿ ಸುತ್ಕೊಂಡು ಮೈಯಲ್ಲಿರೋ ನೀರನ್ನೆಲ್ಲ ಹೆಚ್ಚೂಕಮ್ಮಿ ಬಿಟ್ಟುಬಿಡುತ್ತೆ, ಉಸಿರಾಟ ಊಟ ಎಲ್ಲ ಬಂದ್, ಮತ್ತೆ ತೇವ ತಾಗಿದಾಗ ನಿಧಾನವಾಗಿ ಬಿಚ್ಕೊಳ್ಳುತ್ತೆ. ನಮ್ಮ ತೋಟದ ಮಣ್ಣಲ್ಲಿ ಇಂಥ ದುಂಡು ಹುಳಗಳ ಹತ್ತಾರು ಜಾತಿ ಇರುತ್ತೆ, ಅಲ್ಲಿ ಒಂದು ಕಡೆ ಎರಡು ಮೂರು ಸಿಕ್ಕಿದ್ರೆ ಅದೇ ದೊಡ್ಡದು.

ಸರಿ, ಒಂದು ಕಡೆ ಹುಳ ಇದೆ, ಸ್ವಲ್ಪ ದೂರದಲ್ಲಿ ಅಷ್ಟೇ ಚಳಿ ಇರೋ ಮಣ್ಣಲ್ಲಿ ಒಂದೂ ಇಲ್ಲ, ಯಾಕೆ? ಇದಕ್ಕೆ ದೊಡ್ಡ ಕಾರಣ ಉಪ್ಪು. ಗಾಳಿಯಿಂದ ಬೀಳೋ ನೈಟ್ರೇಟು, ಕ್ಲೋರೈಡು ಎಲ್ಲಾನೂ ನಮ್ಮಲ್ಲಿ ಆದ್ರೆ ಮಳೆ ತೊಳ್ಕೊಂಡು ಹೋಗುತ್ತೆ, ಅಲ್ಲಿ ತೊಳೆಯೋರು ಯಾರು? ಲಕ್ಷಾಂತರ ವರ್ಷದಿಂದ ಹಾಗೇ ಕೂಡಿಕೊಂಡಿದೆ. ಉಪ್ಪಿನಕಾಯಿ ಭರಣಿ ಯಾಕೆ ಕೆಡಲ್ಲ ಹೇಳಿ, ಉಪ್ಪು ಸೂಕ್ಷ್ಮಜೀವಿಗಳ ಮೈಯಿಂದ ನೀರು ಎಳ್ಕೊಳ್ಳುತ್ತೆ, ಆ ಮಣ್ಣಲ್ಲೂ ಅದೇ ಕತೆ. ಹಾಗಾಗಿ ಎತ್ತರದಲ್ಲಿರೋ, ತುಂಬಾ ಹಳೇ ಮಣ್ಣೇ ಎಷ್ಟೋ ಕಡೆ ಬಂಜರು. ಕೆಳಗಡೆ, ಹಿಂದೆ ಕೆರೆ ಇದ್ದ ಜಾಗದಲ್ಲಿ, ಆ ಕಾಲದ ಪಾಚಿಯ ಇಂಗಾಲ ಇನ್ನೂ ಮಣ್ಣಲ್ಲಿ ಉಳ್ಕೊಂಡಿದೆ, ಇವತ್ತಿನ ಜೀವಿಗಳಿಗೂ ಅದು ಊಟ. ಅಂದ್ರೆ ಯಾವ ಜಾಗದಲ್ಲಿ ಯಾರಿರ್ತಾರೆ ಅನ್ನೋದರಲ್ಲಿ ಸಾವಿರಾರು ವರ್ಷದ ಹಿಂದಿನ ನೀರಿಗೂ ಪಾಲಿದೆ, ನಂಗಂತೂ ಇದು ಮೈ ಜುಮ್ಮೆನ್ನಿಸೋ ವಿಷಯ.

ಹಾಗಂತ ನೀರು ಜಾಸ್ತಿ ಆದ್ರೆ ಎಲ್ಲರಿಗೂ ಹಬ್ಬ ಅಂತಲ್ಲ. 2001-02ರ ಬೇಸಿಗೆ ಅಲ್ಲಿ ಸಿಕ್ಕಾಪಟ್ಟೆ ಬಿಸಿಲು, ಹಿಮನದಿ ಕರಗಿ ಹಳ್ಳಗಳು ತುಂಬಿ ಹರಿದವು. ಆಮೇಲಿನ ವರ್ಷಗಳಲ್ಲಿ ಒಣ ಮಣ್ಣಿಗೇ ಒಗ್ಗಿದ್ದ ಸ್ಕಾಟ್‌ನೀಮಾ ಕಮ್ಮಿ ಆಯ್ತು, ತೇವ ಇಷ್ಟಪಡೋ ಯೂಡೊರಿಲೈಮಸ್ ಅನ್ನೋ ಇನ್ನೊಂದು ಹುಳ ಹೆಚ್ಚಾಯ್ತು. ಇರೋದೇ ಎರಡು ಮೂರು ಜಾತಿ, ಅದರಲ್ಲಿ ಒಂದು ಕುಸಿದ್ರೆ ಅದರ ಕೆಲಸ ಮಾಡೋಕೆ ಬೇರೆ ಯಾರೂ ಇಲ್ಲ.

ಪಾಚಿಯ ತಾಳ್ಮೆ ಇನ್ನೂ ದೊಡ್ಡದು. ಸುಮಾರು ಇಪ್ಪತ್ತು ವರ್ಷ ಒಣಗಿ ಬಿದ್ದಿದ್ದ ಒಂದು ಹಳ್ಳಕ್ಕೆ 1990ರ ದಶಕದಲ್ಲಿ ವಿಜ್ಞಾನಿಗಳು ನೀರು ತಿರುಗಿಸಿದ್ರು. ಸುಟ್ಟ ಹಪ್ಪಳದ ಥರ ಕಲ್ಲಿಗೆ ಅಂಟ್ಕೊಂಡಿದ್ದ ಪಾಚಿ, ವಾರದೊಳಗೆ ಹಳ್ಳದ ತುಂಬಾ ಹರಡಿಕೊಂಡಿತ್ತು.