ಮುಕ್ತ ತಂತ್ರಾಂಶ ಬಂದರೆ ಸರ್ಕಾರದ ಕನ್ನಡ ಕಡತ ಸರಿಯಾಗಿ ತೆರೆಯುತ್ತದೆಯೇ?

ಪ್ರಶ್ನೆ: ತಾಲ್ಲೂಕು ಕಚೇರಿಯೊಂದರಿಂದ ಇಮೇಲ್‌ನಲ್ಲಿ ಬಂದ ಕನ್ನಡ ಸುತ್ತೋಲೆಯನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತುಗಳ ರಾಶಿ. ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶವನ್ನೇ ಬಳಸಬೇಕೆಂದು ಕಡ್ಡಾಯ ಮಾಡಿದರೆ ಈ ಕಾಟ ತಪ್ಪುತ್ತದೆಯೇ?

ಉತ್ತರ: ಅಷ್ಟರಿಂದಲೇ ತಪ್ಪುವುದಿಲ್ಲ. ಆ ರಾಶಿಯನ್ನೇ ಕೊಂಚ ಹತ್ತಿರದಿಂದ ನೋಡಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮೊದಲು ದೊಡ್ಡ ‘ಪಿ’ ಕಾಣುತ್ತದೆ. ಪಕ್ಕದಲ್ಲಿ ನೆತ್ತಿಯ ಮೇಲೆ ಗೀರು ಹೊತ್ತ ‘ಎ’, ಆಮೇಲೆ ಪೌಂಡ್ ಗುರುತು, ಮತ್ತೆ ಅದೇ ಗೀರಿನ ‘ಎ’. ಹೀಗೆ ಒಟ್ಟು ಏಳು ಗುರುತುಗಳು. ‘ಪಿ’ಯ ಜಾಗದಲ್ಲಿ ಕಕಾರದ ಒಡಲನ್ನು ಕೂರಿಸಿದ್ದಾರೆ, ‘ಎ’ಯ ಜಾಗದಲ್ಲಿ ತಲೆಕಟ್ಟನ್ನು, ಜರ್ಮನ್ ಅಕ್ಷರವೊಂದರ ಜಾಗದಲ್ಲಿ ನಕಾರದ ಒತ್ತನ್ನು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸವೇ ಇದು. ಮುದ್ರಿಸಿದರೆ ಅಂದವಾಗಿ ಬರುತ್ತದೆ. ಹುಡುಕಲು ಹೊರಟರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಕ್ರಮ ಕೆಡುತ್ತದೆ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ.

ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಅದೇ ಪದಕ್ಕೆ ಐದು ಸಂಕೇತಗಳು ಸಾಕು: ಕ, ನ, ಹಲಂತ, ನ, ಡ. ಒತ್ತನ್ನು ಎಲ್ಲಿ, ಹೇಗೆ ಬರೆಯಬೇಕೆಂಬುದು ಫಾಂಟ್‌ನ ತಲೆನೋವು. ಕನ್ನಡಕ್ಕೆ ಅಲ್ಲಿ 1991ರಿಂದಲೇ ಜಾಗವಿದೆ.

ಹಾಗೆಂದು ಹಳಬರನ್ನು ದೂರಲು ನನಗೆ ಮನಸ್ಸಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮನೆಯ, ಕಚೇರಿಯ ಸಾಮಾನ್ಯ ಕಂಪ್ಯೂಟರುಗಳಿಗೆ ಯೂನಿಕೋಡ್ ಕನ್ನಡವನ್ನು ತೋರಿಸಲು ಬರುತ್ತಿರಲಿಲ್ಲ. ಆಗ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ಎಷ್ಟೋ ಕಡತಗಳು ಇಂಗ್ಲಿಷಿನಲ್ಲೇ ಉಳಿಯುತ್ತಿದ್ದವು. ಎರಡನ್ನೂ ಜನ ದುಡ್ಡು ಕೊಡದೆ ಬಳಸಿದರು. ನಮ್ಮಲ್ಲಿ ಗೊಂದಲ ಹುಟ್ಟಿದ್ದೂ ಇಲ್ಲಿಯೇ. ಉಚಿತ ಬೇರೆ, ಮುಕ್ತ ಬೇರೆ. ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಆಕರವನ್ನು (ಸೋರ್ಸ್ ಕೋಡ್) ಯಾರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಮುಕ್ತ ಶಿಷ್ಟತೆಯೆಂದರೆ ಕಡತವನ್ನು ಹೇಗೆ ಬರೆದಿಡಬೇಕೆಂಬ ನಿಯಮವನ್ನು ಎಲ್ಲರ ಮುಂದೆ ಇಟ್ಟಿರುತ್ತಾರೆ. ಅದನ್ನು ಅನುಸರಿಸಲು ಯಾರಿಗೂ ಕಪ್ಪ ಕೊಡಬೇಕಿಲ್ಲ. ಯೂನಿಕೋಡ್ ಅಂಥದೊಂದು ಶಿಷ್ಟತೆ. ನಿಮಗೆ ಬೇಕಿರುವುದು ಈ ಎರಡನೆಯದು.

ಆದ್ದರಿಂದ ನನ್ನ ಮಟ್ಟಿಗೆ ಶಿಷ್ಟತೆ ಕಡ್ಡಾಯವಾಗಬೇಕು, ಮುಕ್ತ ತಂತ್ರಾಂಶಕ್ಕೆ ಆದ್ಯತೆ ಸಿಗಬೇಕು, ಈ ಕ್ರಮದಲ್ಲೇ. ಕೇಂದ್ರ ಸರ್ಕಾರದ ಕಾಗದವೂ ಹೆಚ್ಚುಕಡಿಮೆ ಹೀಗೆಯೇ ಹೇಳುತ್ತದೆ. ಇ-ಆಡಳಿತಕ್ಕೆ ಮುಕ್ತ ಶಿಷ್ಟತೆಗಳ ನೀತಿ ಬಂದದ್ದು 2010ರಲ್ಲಿ. 2015ರ ನೀತಿ ಮುಕ್ತ ತಂತ್ರಾಂಶಕ್ಕೆ ಮೊದಲ ಮಣೆ ಹಾಕಿ, ಅದನ್ನು ಬಿಟ್ಟರೆ ಕಾರಣ ಕೊಡಿ ಎನ್ನುತ್ತದೆ. ಕರ್ನಾಟಕವೂ 2012ರಲ್ಲಿ ಯೂನಿಕೋಡ್ ಬಳಸಿ ಎಂದು ಆದೇಶ ಹೊರಡಿಸಿತು. ಆದರೆ ಆದೇಶ ಮೇಜಿಗೆ ಬಂದ ಮಾತ್ರಕ್ಕೆ ಬೆರಳುಗಳ ರೂಢಿ ಬದಲಾಗುವುದಿಲ್ಲ ಎಂಬುದಕ್ಕೆ ನಿಮ್ಮ ಸುತ್ತೋಲೆಯೇ ಸಾಕ್ಷಿ.

ತಂತ್ರಾಂಶವನ್ನಷ್ಟೇ ಬದಲಿಸಿದರೆ ಏನಾಗಬಹುದು ಎಂಬುದಕ್ಕೆ ಜರ್ಮನಿಯ ಮ್ಯೂನಿಕ್ ನಗರವನ್ನು ನೋಡಬಹುದು. 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಹೋಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿದ ಆ ನಗರಾಡಳಿತ 2017ರಲ್ಲಿ ಮತ್ತೆ ವಿಂಡೋಸ್ ಕಡೆಗೆ ಮುಖ ಮಾಡಿತು. ರಾಜಕೀಯವೂ ಇತ್ತು. ಜೊತೆಗೆ, ಹೊರಗಿನವರು ಕಳಿಸುವ ಕಡತಗಳು ಸರಿಯಾಗಿ ತೆರೆಯುವುದಿಲ್ಲವೆಂಬ ದೂರೂ ಇತ್ತು. ನಿಮ್ಮ ದೂರೂ ಅದೇ ತಾನೇ? ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರುಗಳಲ್ಲಿ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ತರುವುದಾಗಿ 2024ರಲ್ಲಿ ಘೋಷಿಸಿದಾಗ, ಕಡತದ ಮಾದರಿಯೂ ಮುಕ್ತವಾಗಿರಬೇಕೆಂದು ಸೇರಿಸಿಯೇ ಹೇಳಿತು.

ಸದ್ಯಕ್ಕೆ ನಿಮ್ಮ ಸುತ್ತೋಲೆಯನ್ನು ಯಾವುದಾದರೂ ಪರಿವರ್ತಕಕ್ಕೆ ಕೊಟ್ಟು ಯೂನಿಕೋಡ್ ಮಾಡಿಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ಓದಿ. ಹಳೆಯ ಕ್ರಮದಲ್ಲಿ ಅದು ಅಕ್ಷರದ ಹಿಂದೆ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕಗಳು ಎಡವುವ ಜಾಗ ಅದು. ಮುಂದಿನ ಸಲ ಕಚೇರಿಗೆ ಬರೆಯುವಾಗ ‘ಯೂನಿಕೋಡ್‌ನಲ್ಲೇ ಕಳುಹಿಸಿ, 2012ರ ಆದೇಶವಿದೆ’ ಎಂದು ಒಂದು ಸಾಲು ಸೇರಿಸಿ.