ಹಡಗಿನಲ್ಲಿ ಇಲ್ಲದ ಡಿಸಿ ಮೋಟರ್ ಕಾಲೇಜಿನಲ್ಲಿ ಯಾಕೆ?

ಪ್ರಶ್ನೆ: ನನ್ನ ಮಗ ಮರೈನ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಇನ್ನೂ ಹಳೇ ಡಿಸಿ ಮೋಟರ್ (ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟಿನದು) ಮೇಲೆ ಪ್ರಯೋಗ ಮಾಡಿಸುತ್ತಾರಂತೆ. ‘ಅಪ್ಪಾ, ಹಡಗಿನ್ಯಾಗ ಇದು ಸಿಗೂದ ಇಲ್ಲ, ಕಂಪ್ಯೂಟರ್ ಪರದೆ ಮ್ಯಾಲ ಹಡಗು ತೋರಸೋ ಒಂದು ಸಿಮ್ಯುಲೇಟರ್ ಇದ್ರ ಸಾಕು’ ಅಂತಾನೆ. ನಾನು ಪಂಪ್‌ಸೆಟ್ ಮೋಟರ್ ಬಿಟ್ಟು ಬೇರೆ ಕಂಡವನಲ್ಲ. ಅವನ ಮಾತು ಖರೇನಾ?
– ರಾಣೆಬೆನ್ನೂರು ಕಡೆಯ ಓದುಗರು

ಉತ್ತರ: ಅರ್ಧ ಖರೆ. ಉಳಿದರ್ಧ ಹೇಳೋದಕ್ಕೆ ನಿಮ್ಮ ಪಂಪ್‌ಸೆಟ್ಟೇ ಬೇಕು.

ಮೂರು ಫೇಸಿನಲ್ಲಿ ಒಂದು ಹೋದರೆ ಏನಾಗುತ್ತದೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮೋಟರ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಆ ಹೊತ್ತಿಗೆ ಸ್ಟಾರ್ಟರ್ ಟ್ರಿಪ್ ಆಗಿ ಬೀಳದಿದ್ದರೆ ವೈಂಡಿಂಗ್ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೊರಬೇಕು. ಫೇಸ್ ಹೋದ ಕೂಡಲೇ ಮೋಟರ್ ನಿಲ್ಲಲಿ ಅಂತಲೇ ನೀವು ಪ್ರಿವೆಂಟರ್ ಹಾಕಿಸಿರುತ್ತೀರಿ. ಹಡಗಿನ ಚುಕ್ಕಾಣಿ ತಿರುಗಿಸುವ ಮೋಟರಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್ ಪ್ರಕಾರ, ಆ ಮೋಟರಿಗೆ ಶಾರ್ಟ್ ಸರ್ಕ್ಯೂಟಿನಿಂದ ರಕ್ಷಣೆ ಇರುತ್ತದೆ. ಆದರೆ ಓವರ್‌ಲೋಡ್ ಆದರೆ, ಫೇಸ್ ಹೋದರೆ ಅಲಾರಂ ಮಾತ್ರ ಹೊಡೆಯುತ್ತದೆ, ಮೋಟರ್ ತಿರುಗುತ್ತಲೇ ಇರುತ್ತದೆ. ಬಂದರಿನ ಇಕ್ಕಟ್ಟು ಕಾಲುವೆಯಲ್ಲಿ ಚುಕ್ಕಾಣಿ ನಿಂತರೆ ಹೋಗುವುದು ಹಡಗು. ಮೋಟರ್ ಸುಟ್ಟರೆ ಸುಡಲಿ, ಬೇರೆ ಕಟ್ಟಿಸಿದರಾಯಿತು.

ಮೋಟರ್ ಎರಡೂ ಕಡೆ ಅದೇ ಮೂರು ಫೇಸಿನ ಇಂಡಕ್ಷನ್ ಮೋಟರ್. ಅದರ ಸುತ್ತ ಕಟ್ಟಿರುವ ವ್ಯವಸ್ಥೆ ಬೇರೆ. ನಮ್ಮ ಬಹಳಷ್ಟು ಲ್ಯಾಬುಗಳು ಯಂತ್ರವನ್ನು ಮಾತ್ರ ಕಲಿಸುತ್ತವೆ, ಆ ವ್ಯವಸ್ಥೆಯನ್ನು ಕಲಿಸುವುದಿಲ್ಲ. ನಿಮ್ಮ ಮಗನ ಅಸಮಾಧಾನಕ್ಕೆ ನಿಜವಾದ ಕಾರಣ ಇದು ಎಂದು ನನ್ನ ಊಹೆ, ಅವನು ಪಾಪ ಸಿಟ್ಟನ್ನು ಡಿಸಿ ಮೋಟರಿನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ.

ನನ್ನದೇ ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಓದಿ, ಆಮೇಲೆ ಹಡಗಿನ ತರಬೇತಿ ಮುಗಿಸಿ ಮೊದಲ ಸಲ ಹಡಗು ಹತ್ತಿದಾಗ ಎರಡನೇ ವಾರವೇ ಅರ್ಥ್ ಫಾಲ್ಟ್ (ಕರೆಂಟ್ ವೈರ್ ಬಿಟ್ಟು ಹಡಗಿನ ಮೈಗೆ ತಗುಲಿದೆ ಎಂಬ) ಅಲಾರಂ ಬಂತು. ಬ್ರೇಕರ್ ಬಿದ್ದಿರುತ್ತದೆ, ಹೋಗಿ ನೋಡಿದರೆ ಸಿಗುತ್ತದೆ ಅಂದುಕೊಂಡೆ. ಒಂದೂ ಬಿದ್ದಿರಲಿಲ್ಲ. ಮನೆಯಲ್ಲಿ ವೈರ್ ಮಿಕ್ಸಿಯ ಬಾಡಿಗೆ ತಗುಲಿದರೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೀಳುತ್ತದೆ, ಯಾಕೆಂದರೆ ಹೆಸ್ಕಾಂ ಟಿಸಿಯಲ್ಲಿ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿರುತ್ತಾರೆ, ಕರೆಂಟಿಗೆ ವಾಪಸು ಹೋಗುವ ದಾರಿ ಇದೆ. ಹಡಗಿನ 440 ವೋಲ್ಟಿನ ಜಾಲದಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ಒಂದು ಫೇಸ್ ಹಡಗಿನ ಉಕ್ಕಿಗೆ ತಗುಲಿದರೂ ದಾರಿ ಪೂರ್ತಿಯಾಗದು, ಎಲ್ಲವೂ ನಡೆದೇ ಇರುತ್ತದೆ. ಬೇಕೆಂದೇ ಹಾಗೆ ಮಾಡಿದ್ದು. ಆದರೆ ಎರಡನೇ ಫೇಸೂ ಎಲ್ಲಾದರೂ ತಗುಲಿತೋ, ಅದು ಶಾರ್ಟ್ ಸರ್ಕ್ಯೂಟ್. ಅದಕ್ಕೆ ಮೊದಲೇ ಹುಡುಕಬೇಕು. ಬ್ರಿಜ್‌ಗೆ (ಹಡಗು ನಡೆಸುವ ಮೇಲಿನ ಕೊಠಡಿಗೆ) ಫೋನ್ ಮಾಡಿ, ಒಪ್ಪಿಗೆ ಪಡೆದು, ಒಂದೊಂದೇ ಸರ್ಕ್ಯೂಟ್ ಆಫ್ ಮಾಡಿ ಮೀಟರ್ ನೋಡುತ್ತ ಹೋಗಬೇಕು. ಬೆಳಗಿನ ಜಾವದವರೆಗೆ ಒದ್ದಾಡಿದ ಮೇಲೆ ಸಿಕ್ಕಿದ್ದು ಅಡುಗೆಮನೆಯ ಹಾಟ್‌ಪ್ಲೇಟ್. ಅನುಭವಸ್ಥರು ಮೊದಲು ಅಲ್ಲಿಗೇ ಹೋಗುತ್ತಾರೆ, ಇಲ್ಲವೇ ಮಳೆಗೆ ನೆನೆದ ಡೆಕ್ ದೀಪಗಳ ಹತ್ತಿರ.

ನನ್ನ ತರಬೇತಿ ಸಂಸ್ಥೆಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಿದ್ದರು, ಯಾರೂ ಮಾಡಿ ತೋರಿಸಿರಲಿಲ್ಲ. ತೋರಿಸಲಿಕ್ಕೆ ಕೋಟಿ ರೂಪಾಯಿ ಏನೂ ಬೇಡ. ಒಂದು ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ನಡುವೆ ಹಾಕಿದರೆ ಲ್ಯಾಬಿನ ಸಪ್ಲೈಗೂ ನೆಲಕ್ಕೂ ಸಂಬಂಧ ಕಡಿಯುತ್ತದೆ. ಮೂರು ಫೇಸಿಗೆ ಮೂರು ದೀಪ ಸ್ಟಾರ್ ಮಾಡಿ (ಮೂರರ ಒಂದೊಂದು ತುದಿ ಒಂದೆಡೆ ಸೇರಿಸಿ) ಕಟ್ಟಿ, ನಡುವಿನ ಬಿಂದುವನ್ನು ಅರ್ಥಿಗೆ ಕೊಡಿ. ಒಂದು ಫೇಸನ್ನು ಬೇಕೆಂದೇ ಅರ್ಥ್ ಮಾಡಿದರೆ ಆ ದೀಪ ಆರುತ್ತದೆ, ಉಳಿದೆರಡು ಹೆಚ್ಚು ಉರಿಯುತ್ತವೆ. ಆಮೇಲೆ ಫಾಲ್ಟನ್ನು ಎಲ್ಲೋ ಅಡಗಿಸಿಟ್ಟು ಹುಡುಗರಿಗೆ ‘ಹುಡುಕ್ರಪಾ’ ಅನ್ನಬೇಕು. ತರಬೇತಿಯನ್ನು ಆಧುನಿಕ ಮಾಡುವುದೆಂದರೆ ನನ್ನ ಪ್ರಕಾರ ಮೊದಲು ಇದು, ಸಿಮ್ಯುಲೇಟರಿನ ದೊಡ್ಡ ಪರದೆ ಆಮೇಲೆ.

ಇನ್ನೊಂದು ವ್ಯತ್ಯಾಸ ಫ್ರೀಕ್ವೆನ್ಸಿ, ಅಂದರೆ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹೋಗಿಬರುತ್ತದೆ ಎಂಬ ಲೆಕ್ಕ. ನಮ್ಮಲ್ಲಿ 50 ಹರ್ಟ್ಜ್, ಹೆಚ್ಚಿನ ಹಡಗುಗಳಲ್ಲಿ 60. ದುರಸ್ತಿಗೆ ದಡಕ್ಕಿಳಿಸಿದ 440 ವೋಲ್ಟ್, 60 ಹರ್ಟ್ಜ್ ಮೋಟರನ್ನು ಇಲ್ಲಿನ 415 ವೋಲ್ಟ್, 50 ಹರ್ಟ್ಜಿಗೆ ಕೊಟ್ಟು ನೋಡಿದರೆ ಅದರೊಳಗಿನ ಫ್ಲಕ್ಸ್ (ಅಯಸ್ಕಾಂತದ ಬಲ) ಸುಮಾರು 13% ಹೆಚ್ಚಾಗಿ, ಲೋಡ್ ಇಲ್ಲದೆಯೂ ಕರೆಂಟ್ ಜಾಸ್ತಿ ಎಳೆಯುತ್ತದೆ. ‘ವೈಂಡಿಂಗ್ ಸರಿ ಆಗಿಲ್ಲ’ ಅಂತ ಮಿಸ್ತ್ರಿಯನ್ನು ಬೈದರೆ ತಪ್ಪು ನಮ್ಮದು. 50 ಹರ್ಟ್ಜಿನಲ್ಲಿ ಆ ಮೋಟರಿಗೆ ಸುಮಾರು 367 ವೋಲ್ಟ್ ಸಾಕು.

ಈಗ ಡಿಸಿ ಮೋಟರಿಗೆ ಬರೋಣ. ಹಳೇ ಹಡಗುಗಳಲ್ಲಿ ಲಂಗರು ಎತ್ತುವ ಯಂತ್ರಕ್ಕೆ, ಕ್ರೇನಿಗೆ ಡಿಸಿ ಇರುತ್ತಿತ್ತು, ಈಗ ಅಪರೂಪ. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್, ಕಮ್ಯುಟೇಟರಿಗೆ ವಾರಗಟ್ಟಲೆ ಕೊಡುವುದು ದಂಡ, ಅಲ್ಲಿ ನಿಮ್ಮ ಮಗ ಹೇಳುವುದು ಸರಿ. ಆದರೆ ಈಗಿನ ಡ್ರೈವ್‌ಗಳು (ಮೋಟರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು) ಎಸಿ ಮೋಟರನ್ನು ನಿಯಂತ್ರಿಸುವ ವೆಕ್ಟರ್ ಕಂಟ್ರೋಲ್ ಎಂಬ ವಿಧಾನದ ತಿರುಳೇ ಡಿಸಿ ಮೋಟರಿನದು. ಡಿಸಿ ಮೋಟರಿನಲ್ಲಿ ಅಯಸ್ಕಾಂತ ಹುಟ್ಟಿಸುವ ಸುರುಳಿ (ಫೀಲ್ಡ್) ಬೇರೆ, ತಿರುಗುವ ಸುರುಳಿ (ಆರ್ಮೇಚರ್) ಬೇರೆ, ಹಾಗಾಗಿ ಫ್ಲಕ್ಸನ್ನೂ ಟಾರ್ಕನ್ನೂ (ತಿರುಗಿಸುವ ಬಲವನ್ನೂ) ಬೇರೆಬೇರೆಯಾಗಿ ತಿರುವಬಹುದು. ಇಂಡಕ್ಷನ್ ಮೋಟರಿನಲ್ಲಿ ಒಂದೇ ಕರೆಂಟಿನಲ್ಲಿ ಎರಡೂ ಬೆರೆತಿರುತ್ತವೆ, ಡ್ರೈವಿನ ಪ್ರೊಸೆಸರ್ ಅದನ್ನು ಗಣಿತದಿಂದ ಬೇರ್ಪಡಿಸುತ್ತದೆ. ಡಿಸಿ ಮೋಟರ್ ಕೈಯಾರೆ ತಿರುಗಿಸಿ ನೋಡಿದವನಿಗೆ ಇದು ಒಂದು ಮಧ್ಯಾಹ್ನದಲ್ಲಿ ಹೊಳೆಯುತ್ತದೆ. ಹಾಗಾಗಿ ಲ್ಯಾಬಿನಿಂದ ಅದನ್ನು ಹೊರಗೆ ಹಾಕುವುದು ಬೇಡ, ಒಂದು ಇರಲಿ, ಅದರ ಪಕ್ಕ ಡ್ರೈವ್ ಹಾಕಿದ ಇಂಡಕ್ಷನ್ ಮೋಟರ್ ಇರಲಿ.

ಸಮುದ್ರ ಇಲ್ಲದ ಊರಲ್ಲಿ ಇದೆಲ್ಲ ಎಲ್ಲಿ ನೋಡೋದು ಅನ್ನಬೇಡಿ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಿಂದ ಹೊರಡುವ ಡಬ್ಲ್ಯುಡಿಜಿ-4 ಎಂಜಿನ್ ಇದೆಯಲ್ಲ, ಗೂಡ್ಸ್ ಎಳೆಯುವುದು, 4000 ಅಶ್ವಶಕ್ತಿಯದ್ದು: ಅದರಲ್ಲಿ ಡೀಸೆಲ್ ಎಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಆಲ್ಟರ್ನೇಟರ್ ತಿರುಗಿಸುತ್ತದೆ, ಆ ಎಸಿ ಡಿಸಿಯಾಗುತ್ತದೆ, ಇನ್ವರ್ಟರ್ ಅದನ್ನು ಮತ್ತೆ ಬೇಕಾದ ಫ್ರೀಕ್ವೆನ್ಸಿಯ ಎಸಿ ಮಾಡಿ ಮೂರು ಫೇಸಿನ ಮೋಟರುಗಳಿಗೆ ಕೊಡುತ್ತದೆ. ವಿದ್ಯುತ್ತಿನಿಂದ ಪ್ರೊಪೆಲ್ಲರ್ ತಿರುಗಿಸುವ ಹಡಗು ಇದರ ದಾಯಾದಿ.

ಇನ್ನು ಸಿಮ್ಯುಲೇಟರ್. ಅದು ಬೇಕೇ ಬೇಕು ಅನ್ನುವ ಜಾಗಗಳಿವೆ. 2 ಮೆಗಾವ್ಯಾಟಿನ ಮೋಟರಿಗೆ 440 ವೋಲ್ಟಿನಲ್ಲಿ ಸುಮಾರು 3000 ಆಂಪಿಯರ್ ಬೇಕು, 6600 ವೋಲ್ಟಿನಲ್ಲಿ ಸುಮಾರು 200 ಸಾಕು. ಅದಕ್ಕೇ ದೊಡ್ಡ ಹಡಗುಗಳು ಹೈ ವೋಲ್ಟೇಜಿಗೆ ಹೋಗಿವೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಗಳು 2012ರ ಜನವರಿ 1ರಿಂದ ಜಾರಿಗೆ ಬಂದಾಗ ಹೈ ವೋಲ್ಟೇಜ್ ಕಲಿಕೆಯೂ ಸೇರಿತು, ಹಡಗಿನ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಹುದ್ದೆಗೂ ಅರ್ಹತೆಯ ಮಾನದಂಡ ಬಂತು. 6600 ವೋಲ್ಟಿನಲ್ಲಿ ಹುಡುಗರು ತಪ್ಪು ಮಾಡಿ ಕಲಿಯಲಿ ಅನ್ನಲಾಗದು, ತಪ್ಪು ಪರದೆಯ ಮೇಲೇ ಆಗಲಿ. ಜನರೇಟರುಗಳನ್ನು ತಪ್ಪಾಗಿ ಸಿಂಕ್ರನೈಸ್ ಮಾಡುವುದು (ತಾಳ ಹೊಂದಿಸದೆ ಒಟ್ಟಿಗೆ ಜೋಡಿಸುವುದು), ಇಡೀ ಹಡಗು ಕತ್ತಲಾಗಿ 45 ಸೆಕೆಂಡಿನೊಳಗೆ ಎಮರ್ಜೆನ್ಸಿ ಜನರೇಟರ್ ಬರಬೇಕಾದದ್ದು ಬಾರದೆ ಹೋಗುವುದು, ಇಂಥವೂ ಅಷ್ಟೇ.

ಆದರೆ ‘ಅದೊಂದೇ ಸಾಕು’ ಅಂದರೆ ನಾನು ಒಪ್ಪುವುದಿಲ್ಲ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಲಿ ಎಂಬ ಕಂಟೇನರ್ ಹಡಗು ಕತ್ತಲಾಗಿ ಸೇತುವೆಗೆ ಗುದ್ದಿದ್ದು ನೆನಪಿರಬೇಕು. ಸಿಬ್ಬಂದಿಯಲ್ಲಿ ಬಹುಪಾಲು ನಮ್ಮವರೇ. ಸೇತುವೆಯ ಮೇಲೆ ರಿಪೇರಿ ಮಾಡುತ್ತಿದ್ದ 6 ಮಂದಿ ಕೆಲಸಗಾರರು ತೀರಿಕೊಂಡರು. ಮೊದಲ ಬಾರಿ ಕರೆಂಟ್ ಹೋದದ್ದಕ್ಕೆ ಅಲ್ಲಿನ ತನಿಖಾ ಮಂಡಳಿ 2025ರ ನವೆಂಬರಿನಲ್ಲಿ ಹೇಳಿದ ಕಾರಣ ಒಂದು ಸಡಿಲ ಸಿಗ್ನಲ್ ವೈರ್. ವೈರಿನ ಗುರುತಿಗೆ ಹಾಕಿದ ಲೇಬಲ್ ಅಡ್ಡ ಬಂದು ಅದರ ತುದಿ ಟರ್ಮಿನಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ವೈರ್ ಸಿಕ್ಕಿಸಿದ ಮೇಲೆ ಒಮ್ಮೆ ಹಿಡಿದು ಜಗ್ಗಿ ನೋಡುವ ಚಟ ಯಾವ ಸಿಮ್ಯುಲೇಟರಿನಿಂದಲೂ ಬರುವುದಿಲ್ಲ. ಸುಟ್ಟ ವಾರ್ನಿಶಿನ ವಾಸನೆ, ಸವೆದ ಬೇರಿಂಗಿನ ಸದ್ದು, ಡ್ರೈವ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಕೂತಿರುತ್ತದೆಂಬ ಹೆದರಿಕೆ, ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚುವ ಮೊದಲು ಡ್ರೈವಿನಿಂದ ಕೇಬಲ್ ಬಿಚ್ಚಬೇಕೆಂಬ ಎಚ್ಚರ, ಇವೂ ಕೈಯಿಂದಲೇ ಬರಬೇಕು. ಮೆಗ್ಗರಿನ 500 ವೋಲ್ಟ್ ಒಳಗೆ ಹೊಕ್ಕರೆ ಲಕ್ಷಾಂತರ ರೂಪಾಯಿಯ ಡ್ರೈವ್ ಒಂದೇ ಏಟಿಗೆ ಹೋಗುತ್ತದೆ.

ರಜೆಗೆ ಬಂದಾಗ ಮಗನನ್ನು ಹದಿನೈದು ದಿನ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಕೂರಿಸಿ. ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಮಿಸ್ತ್ರಿಯೊಬ್ಬರಿದ್ದಾರೆ, ಮೋಟರ್ ಬಿಚ್ಚುವ ಮೊದಲೇ ‘ಇದು ಫೇಸ್ ಹೋಗಿ ಸುಟ್ಟದ್ರೀ, ಇದು ನೀರು ಹೊಕ್ಕದ್ದು’ ಅನ್ನುತ್ತಾರೆ. ಬಿಚ್ಚಿದ ಮೇಲೆ ಕಾಯಿಲ್‌ಗಳು ಯಾವ ಕ್ರಮದಲ್ಲಿ ಕರಿ ಆಗಿವೆ ಎಂದು ತೋರಿಸುತ್ತಾರೆ. ಅಲ್ಲಿ ಸಂಬಳ ಕೇಳಬಾರದು, ಮೊಬೈಲ್ ನೋಡುತ್ತ ಕೂರಬಾರದು. ಚಹಾ ಅವರೇ ಕುಡಿಸುತ್ತಾರೆ.